ಕಬ್ಬಿನ ಬಿಲ್ಲಿನ ಹಳೇ ಪೈಥಾನ್ ಕೋಡಿಗೆ ಆಟೋಮೇಟೆಡ್ ಟೆಸ್ಟ್ ಬರೀಬೇಕು, ಎಲ್ಲಿಂದ ಚಾಲೂ ಮಾಡ್ಲಿ?

ಮುಧೋಳ_ಪೈಥಾನ್

ನಮಸ್ಕಾರ ಎಲ್ಲಾರಿಗೂ. ನಾ ಮುಧೋಳದಾಗ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಾಗ ಕೆಲಸ ಮಾಡ್ತೀನಿ, ನಾವು ಇಬ್ಬರ ಡೆವಲಪರ್. ಒಂದು ಸಕ್ಕರೆ ಫ್ಯಾಕ್ಟರಿಯ ಕಬ್ಬಿನ ಬಿಲ್ಲಿನ ಸಾಫ್ಟ್‌ವೇರ್ ನಮ್ಮ ಕಡೆ ಐತಿ. ಪೈಥಾನ್, ಹಿಂದ ಮೈಎಸ್‌ಕ್ಯೂಎಲ್ ಡೇಟಾಬೇಸ್. ಕಾಟಾದ ಮ್ಯಾಲ ಗಾಡಿ ತೂಕ ಆಗಿ ಸ್ಲಿಪ್ ಬಂದಲ್ಲಿಂದ ಹಿಡದು, ಖಾಲಿ ಗಾಡಿ ತೂಕ ಕಳದು, ದರ ಹಚ್ಚಿ, ಕಟಾವು ಮತ್ತ ಸಾಗಾಣಿಕೆ ಖರ್ಚು ಮುರಕೊಂಡು ರೈತರ ಖಾತೆಗೆ ಎಷ್ಟು ಹೋಗಬೇಕು ಅನ್ನೋತನಾ ಎಲ್ಲಾ ಅದ್ರಾಗ ಬರತೈತಿ. ಮೊದಲ ಇದನ್ನ ಬರದ ಅಣ್ಣಾರು ಪುಣೆಗೆ ಹೋಗ್ಯಾರ, ಫೋನ್ ಮಾಡಿದ್ರ ಹೇಳ್ತಾರ, ಆದ್ರ ಅವ್ರಿಗೂ ಈಗ ಎಲ್ಲಾ ನೆನಪಿಲ್ಲ.

ಇಲ್ಲಿತನಾ ದರ ಅಕೌಂಟ್ಸ್‌ನವ್ರು ಕೈಲೆ ಹೊಡಿತಿದ್ರು. ಕೋಡಿನಾಗ ರಿಕವರಿ (ಕಬ್ಬಿನಿಂದ ಎಷ್ಟು ಪರ್ಸೆಂಟ್ ಸಕ್ಕರೆ ಬಂತು ಅನ್ನೋದು) ಕೊಟ್ರ ಎಫ್‌ಆರ್‌ಪಿ (ಫ್ಯಾಕ್ಟರಿ ರೈತರಿಗೆ ಕಡಿಮಿ ಅಂದ್ರೂ ಕೊಡಬೇಕು ಅಂತ ಕೇಂದ್ರ ಇಡೋ ಕಬ್ಬಿನ ದರ) ತಗಿಯೋ ಒಂದು ಫಂಕ್ಷನ್ ಐತಿ, ಆದ್ರ ಅದನ್ನ ಬರೇ ಅಂದಾಜು ರಿಪೋರ್ಟಿಗೆ ಬಳಸ್ತಿದ್ರು. ಈಗ ಆಡಳಿತದವ್ರು ಹೇಳ್ಯಾರ, ಮುಂದಿನ ಹಂಗಾಮಿನಿಂದ ದರ ಸಿಸ್ಟಮ್ ತಾನ ಲೆಕ್ಕ ಹಾಕಿ ಬಿಲ್ಲಿಗೆ ಹಚ್ಚಬೇಕು ಅಂತ. ಅಂದ್ರ ನಾ ಆ ಕೋಡಿಗೆ ಕೈ ಹಚ್ಚಲೇಬೇಕು. ಬಿಲ್ಲಿನ ಒಂದ ಫೈಲಿನಾಗ ತೂಕ, ದರ, ಡೇಟಾಬೇಸ್, ಪ್ರಿಂಟ್ ಎಲ್ಲಾ ಕೂಡಿಕೊಂಡಾವು. ಒಂದು ಕಡೆ ಬದಲ ಮಾಡಿದ್ರ ಇನ್ನೊಂದು ಕಡೆ ಏನ್ ಆಗತೈತಿ ಅಂತ ನೋಡಾಕ ಈಗ ಇರೋದು ಒಂದ ದಾರಿ, ಸಾಫ್ಟ್‌ವೇರ್ ಓಪನ್ ಮಾಡಿ ಒಂದ್ ಹತ್ತು ಸ್ಲಿಪ್ ಕೈಲೆ ಹೊಡದು ಕಣ್ಣಲೆ ನೋಡೋದು. ಇದು ರೈತರ ರೊಕ್ಕದ ಮಾತು, ಹಿಂಗ ಕಣ್ಣಲೆ ನೋಡಿ ಬಿಡೋದು ನನಗ ಸರಿ ಅನಿಸವಲ್ದು.

ಆಟೋಮೇಟೆಡ್ ಟೆಸ್ಟ್ (ಕೋಡ್ ಸರಿ ಉತ್ತರ ಕೊಡತೈತೋ ಅಂತ ತಾನ ನೋಡೋ ಇನ್ನೊಂದು ಕೋಡ್) ಬಗ್ಗೆ ವಿಡಿಯೋ ನೋಡೀನಿ, ಎಲ್ಲಾರೂ ಎರಡ ನಂಬರ್ ಕೂಡಸೋ ಫಂಕ್ಷನ್ ತೋರಸಿ ಮುಗಸ್ತಾರ. ನನ್ನ ಕೋಡ್ ಹಂಗಿಲ್ಲ. ಮೊದಲನೇ ಟೆಸ್ಟ್ ಯಾವದಕ್ಕ ಬರೀಲಿ? ಟೆಸ್ಟ್ ಓಡಸಾಕ ಯೂನಿಟ್‌ಟೆಸ್ಟ್ ತಗೋಳ್ಳೋದೋ ಪೈಟೆಸ್ಟ್ ತಗೋಳ್ಳೋದೋ? ಎಲ್ಲಾ ಕೋಡಿಗೂ ಬರದ ಮ್ಯಾಲ ಬದಲ ಮಾಡಬೇಕೋ ಹೆಂಗ? ತಿಳದವ್ರು ಸ್ವಲ್ಪ ಬಿಡಿಸಿ ಹೇಳ್ರಿ.

ಟಿಳಕವಾಡಿ_ಬ್ಯಾಕೆಂಡ್

ಪೈಟೆಸ್ಟ್ ತಗೋರಿ, ಆ ಪ್ರಶ್ನಿ ಅಲ್ಲಿಗೆ ಬಿಡ್ರಿ. ಯೂನಿಟ್‌ಟೆಸ್ಟ್ ಪೈಥಾನ್ ಜೋಡಿನ ಬರತೈತಿ ಖರೆ, ಆದ್ರ ಅದ್ರಾಗ ಕ್ಲಾಸ್ ಮಾಡು, ಸೆಲ್ಫ್ ಹಚ್ಚು ಅಂತ ಬರಿಯೋದು ಜಾಸ್ತಿ. ಪೈಟೆಸ್ಟ್‌ದಾಗ ಪಿಪ್‌ಲೆ ಇನ್‌ಸ್ಟಾಲ್ ಮಾಡ್ರಿ, ಫೈಲಿನ ಹೆಸರು ಟೆಸ್ಟ್ ಅಂಡರ್‌ಸ್ಕೋರ್ ಅಂತ ಚಾಲೂ ಆಗಲಿ, ಒಳಗ ಫಂಕ್ಷನ್ ಹೆಸರೂ ಹಂಗ ಚಾಲೂ ಆಗಲಿ, ಅದ್ರಾಗ ಬಂದ ಉತ್ತರ ಇಷ್ಟ ಇರಬೇಕು ಅಂತ ಹೇಳೋ ಅಸರ್ಟ್ ಅಂತ ಒಂದು ಸಾಲು, ಅಷ್ಟ. ಟರ್ಮಿನಲ್‌ದಾಗ ಪೈಟೆಸ್ಟ್ ಅಂತ ಹೊಡದ್ರ ತಾನ ಹುಡಕಿ ಎಲ್ಲಾ ಓಡಸತೈತಿ, ತಪ್ಪಿದ್ರ ಎಡಕ್ಕ ಏನ್ ಬಂತು ಬಲಕ್ಕ ಏನ್ ಇರಬೇಕಿತ್ತು ಅಂತ ಎರಡೂ ತೋರಸತೈತಿ.

ಈಗ ಮೊದಲನೇ ಟೆಸ್ಟ್ ಯಾವದಕ್ಕ ಅನ್ನೋದು. ನಿಮ್ಮ ಪೋಸ್ಟಿನಾಗ ಉತ್ತರ ಐತಿ, ಆ ಎಫ್‌ಆರ್‌ಪಿ ಫಂಕ್ಷನ್. ಯಾಕಂದ್ರ ಅದು ರೊಕ್ಕದ ಲೆಕ್ಕ, ಮತ್ತ ಅದಕ್ಕ ಡೇಟಾಬೇಸ್ ಬ್ಯಾಡ, ಪ್ರಿಂಟರ್ ಬ್ಯಾಡ, ಒಂದು ನಂಬರ್ ಒಳಗ ಹೋಗತೈತಿ ಒಂದು ನಂಬರ್ ಹೊರಗ ಬರತೈತಿ. ಇನ್ನೊಂದು ದೊಡ್ಡ ಕಾರಣ ಅಂದ್ರ ಸರಿ ಉತ್ತರ ಏನು ಅನ್ನೋದು ನಿಮ್ಮ ಕೋಡಿನ ಹೊರಗ, ಸರ್ಕಾರದ ಆದೇಶದಾಗ ಐತಿ. 2025-26ರ ಹಂಗಾಮಿಗೆ ಕೇಂದ್ರ ಇಟ್ಟ ಎಫ್‌ಆರ್‌ಪಿ 10.25 ಪರ್ಸೆಂಟ್ ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅದಕ್ಕಿಂತ ಪ್ರತಿ 0.1 ಪರ್ಸೆಂಟ್ ಮ್ಯಾಲ ಹೋದ್ರ 3.46 ಕೂಡತೈತಿ, ಕೆಳಗ ಬಂದ್ರ 3.46 ಕಡಿಮಿ ಆಗತೈತಿ, ಆದ್ರ 9.5 ಮತ್ತ ಅದಕ್ಕಿಂತ ಕಡಿಮಿ ಇದ್ದ ಫ್ಯಾಕ್ಟರಿಗೆ ಕಡಿತ ಇಲ್ಲ, ರೈತರಿಗೆ 329.05 ಕೊಡಲೇಬೇಕು.

ಈಗ ಒಂದು ಹಾಳಿ ತಗೋರಿ, ಕೋಡ್ ಬಂದ್ ಮಾಡಿ ಇಡ್ರಿ. ಕ್ಯಾಲ್ಕುಲೇಟರ್‌ಲೆ ಬರೀರಿ: 10.25ಕ್ಕ 355. 10.35ಕ್ಕ 358.46. 10.15ಕ್ಕ 351.54. 11.25ಕ್ಕ 389.60. 9.5ಕ್ಕ 329.05. 9.0ಕ್ಕೂ 329.05. ಇದ ನಿಮ್ಮ ಮೊದಲನೇ ಟೆಸ್ಟ್. ಪೈಟೆಸ್ಟ್‌ದಾಗ ಪ್ಯಾರಾಮೆಟ್ರೈಜ್ ಅಂತ ಐತಿ, ಈ ಜೋಡಿಗಳನ್ನ ಒಂದು ಲಿಸ್ಟ್ ಮಾಡಿ ಕೊಟ್ರ ಒಂದೊಂದು ಜೋಡಿನೂ ಬ್ಯಾರೆ ಬ್ಯಾರೆ ಟೆಸ್ಟ್ ಆಗಿ ಓಡತೈತಿ, ಯಾವ ಜೋಡಿ ಬಿತ್ತು ಅಂತ ಸ್ವಚ್ಛ ಕಾಣತೈತಿ.

ಒಂದು ನೋಡ್ರಿ, 9.5ರ ಹತ್ರ ಭಾಳ ಮಹತ್ವದ್ದು ಐತಿ. 10.25ರಿಂದ 9.5ಕ್ಕ ಬಂದ್ರ 0.75 ಕಡಿಮಿ, ಅಂದ್ರ ಏಳೂವರಿ ಹಂತ. ಏಳೂವರಿಗೆ 3.46 ಗುಣಿಸಿದ್ರ 25.95, 355ರಾಗ ಕಳದ್ರ ಸರಿ 329.05. ಅಂದ್ರ ಸರ್ಕಾರದ ಲೆಕ್ಕದಾಗ ಅರ್ಧ ಹಂತನೂ ಎಣಸ್ಯಾರ ಅಂತ ಆ ನಂಬರ ಹೇಳತೈತಿ. ನಿಮ್ಮ ಕೋಡ್ ಪೂರ್ತಿ ಹಂತ ಅಷ್ಟ ಎಣಸ್ತಿದ್ರ ಅಲ್ಲಿ 330.78 ಬರತೈತಿ. ಅಂಚಿನ ಮ್ಯಾಲ ಟೆಸ್ಟ್ ಬರೀರಿ ಅಂತ ಹೇಳೋದು ಇದಕ್ಕ. ನಡುವಿನ ನಂಬರ್ ಹಾಕಿದ್ರ ಎಲ್ಲಾ ಚಲೋ ಕಾಣತೈತಿ, ಜಗಳ ಬರೋದು ಅಂಚಿನ್ಯಾಗ.

ಮತ್ತ ದಯವಿಟ್ಟು ಫ್ಲೋಟ್ (ಕಂಪ್ಯೂಟರ್ ಅಂದಾಜಿಲೆ ಇಡೋ ದಶಾಂಶ ನಂಬರ್) ಬಳಸಬ್ಯಾಡ್ರಿ. ಪೈಥಾನ್‌ದಾಗ 0.1ಕ್ಕ 0.2 ಕೂಡಸಿದ್ರ 0.30000000000000004 ಬರೋದು ಎಲ್ಲಾರಿಗೂ ಗೊತ್ತು. ರೌಂಡ್ ಫಂಕ್ಷನ್‌ಗೆ 2.5 ಕೊಟ್ರ 3 ಅಲ್ಲ 2 ಬರತೈತಿ, ಅರ್ಧ ಬಂದಾಗ ಹತ್ರದ ಸರಿಸಂಖ್ಯಾಕ ಹೋಗೋದು ಅದ್ರ ರೂಲು. 2.675ನ್ನ ಎರಡು ಸ್ಥಾನಕ್ಕ ರೌಂಡ್ ಮಾಡಿದ್ರ 2.67, ಅದು ಆ ರೂಲಿನಿಂದ ಅಲ್ಲ, ಫ್ಲೋಟಿನಾಗ ಅದು 2.675ಕ್ಕಿಂತ ಕೂದಲೆಳಿಯಷ್ಟು ಕಡಿಮಿ ಇರೋದಕ್ಕ. ಅಕೌಂಟ್ಸ್‌ನವ್ರು ಹಿಂಗ ಲೆಕ್ಕ ಮಾಡಂಗಿಲ್ಲ. ದಶಾಂಶ ಇದ್ದಂಗ ಇಡೋ ಡೆಸಿಮಲ್ ಬಳಸ್ರಿ, ನಂಬರನ್ನ ಸ್ಟ್ರಿಂಗ್ (ಅಕ್ಷರದ ರೂಪ) ಮಾಡಿ ಕೊಡ್ರಿ, ರೌಂಡ್ ಹಾಫ್ ಅಪ್ (ಅರ್ಧ ಬಂದ್ರ ಮ್ಯಾಲಕ್ಕ) ಅಂತ ಬಾಯಿಬಿಟ್ಟು ಹೇಳ್ರಿ, ಅದಕ್ಕೂ ಒಂದು ಟೆಸ್ಟ್ ಇಡ್ರಿ.

ಕಾಟಾಕ್ಕ ಮುದ್ರಿ ಹಾಕಾಕ ಬಂದವ್ರು ಮೊದಲ ಗೊತ್ತಿದ್ದ ತೂಕದ ಕಲ್ಲು ಇಟ್ಟು ಕಾಟಾ ಅಷ್ಟ ತೋರಸತೈತೋ ಇಲ್ಲೋ ನೋಡ್ತಾರಲ್ರಿ, ಟೆಸ್ಟ್ ಅಂದ್ರೂ ಅಷ್ಟ. ಕಲ್ಲಿನ ತೂಕ ಅದ ಕಾಟಾದಲೆ ತೂಗಿ ಬರಕೊಂಡಿದ್ರ ತಪಾಸಣಿ ಆಗಂಗಿಲ್ಲ. ಇದನ್ಯಾಕ ಹೇಳ್ತೀನಂದ್ರ ಈಗ ಭಾಳ ಮಂದಿ ಎಐಗೆ ಕೋಡ್ ಕೊಟ್ಟು ಟೆಸ್ಟ್ ಬರಿ ಅಂತಾರ, ಅದು ಕೋಡ್ ಓದಿ ಕೋಡ್ ಏನ್ ಕೊಡತೈತೋ ಅದನ್ನ ಸರಿ ಉತ್ತರ ಅಂತ ಬರದ ಕೊಡೋದು ಭಾಳ, ಎಲ್ಲಾ ಹಸರ, ಅಂದ್ರ ಪಾಸ್, ಕಾಣತೈತಿ. ಟೈಪ್ ಮಾಡಾಕ ಅದರ ಸಹಾಯ ತಗೋರಿ, ಬ್ಯಾಡ ಅನ್ನಂಗಿಲ್ಲ, ಆದ್ರ ಬರಬೇಕಾದ ಉತ್ತರ ಮಾತ್ರ ಆದೇಶದಿಂದ, ಅಕೌಂಟ್ಸ್‌ನವ್ರ ಹಾಳಿಯಿಂದ ಬರಲಿ.

ಬಾರಾಕಮಾನ್_ವೆಬ್

ನಾ ವಿಜಯಪುರದಾಗ ಫ್ರೀಲ್ಯಾನ್ಸ್ ಮಾಡ್ತೀನಿ, ಅಂಗಡಿ, ಲಾಜ್, ಕೋಚಿಂಗ್ ಕ್ಲಾಸ್‌ನವ್ರ ವೆಬ್‌ಸೈಟು. ಮ್ಯಾಲಿನ ಅಣ್ಣಾರು ಹೇಳಿದ್ದು ಖರೆ ಅದ, ಆದ್ರ ಒಂದು ಮಾತು ಕೇಳ್ಬೇಕಾಗೇದ. ಟೆಸ್ಟ್ ಬರೀಲಿಕ್ಕೆ ಹೋಗೋ ಟೈಮಿಗೆ ಗಿರಾಕಿ ರೊಕ್ಕ ಕೊಡಂಗಿಲ್ಲ. ಅವ್ರಿಗೆ ಸ್ಕ್ರೀನ್ ಮ್ಯಾಲ ಹೊಸದು ಕಾಣ್ಬೇಕು. ನಾ ಒಂದು ಸೈಟಿಗೆ ಸೆಲೆನಿಯಂಲೆ ಬ್ರೌಸರ್ ಟೆಸ್ಟ್ (ಬ್ರೌಸರ್ ತಾನ ತಗದು ಬಟನ್ ಒತ್ತಿ ನೋಡೋವಂಥದ್ದು) ಬರೆದಿಟ್ಟಿದ್ದೆ, ಗಿರಾಕಿ ಬಟನ್ ಜಾಗಾ ಬದಲ ಮಾಡ್ರಿ, ಬಣ್ಣ ಬದಲ ಮಾಡ್ರಿ ಅನ್ಕೋತ ಹೋದ್ರು, ಪ್ರತಿ ಸಲ ಟೆಸ್ಟೂ ರಿಪೇರಿ ಮಾಡ್ಬೇಕಾತು, ಕಡೀಕ ತಗದ ಇಟ್ಟೆ. ಸಣ್ಣ ಟೀಮಿಗೆ ಇದು ಹ್ಯಾಂಗ ತಾಳ್ತದ ಅಂತ ಯಾರಾದ್ರೂ ಹೇಳ್ಬೇಕು. ವಾದಕ್ಕ ಕೇಳ್ಲಿಕ್ಕತ್ತಿಲ್ಲ, ಖರೇನ ಕೇಳ್ಲಿಕ್ಕತ್ತೀನಿ.

ನವನಗರ_ಕ್ಯೂಎ

ಬಾಗಲಕೋಟಿಯಿಂದ ಬರಿಯಾಕತ್ತೀನಿ, ಟೆಸ್ಟಿಂಗ್ ನನ್ನ ಹೊಟ್ಟಿಪಾಡಿನ ಕೆಲಸ, ಹಂಗಾಗಿ ಸ್ವಲ್ಪ ಉದ್ದ ಆದೀತು.

ಮೊದಲ ವಿಜಯಪುರದ ಅಣ್ಣಾರಿಗೆ. ಬ್ರೌಸರ್ ಟೆಸ್ಟಿನಿಂದ ಚಾಲೂ ಮಾಡಿದವ್ರು ಭಾಳ ಮಂದಿ ಹಿಂಗ ಬಿಟ್ಟಾರ್ರಿ. ಬ್ರೌಸರ್ ಟೆಸ್ಟ್ ನಿಧಾನ ಓಡತಾವು, ಪೇಜಿನ ರೂಪಕ್ಕ ಕಟ್ಟಿಕೊಂಡಿರತಾವು, ರೂಪ ದಿನಾ ಬದಲ ಆಗೋವಂಥದ್ದು. ಲಾಜಿನ ಸೈಟಿನಾಗ ಎರಡ ರಾತ್ರಿಗೆ ಬಾಡಿಗಿ ಎಷ್ಟು, ಚೆಕ್‌ಔಟ್ ದಿನ ಆ ರೂಮ್ ಇನ್ನೊಬ್ಬರಿಗೆ ಕೊಡಬಹುದೋ ಇಲ್ಲೋ, ಈ ಲೆಕ್ಕ ಬಟನ್ ಬಣ್ಣ ಬದಲಾದ್ರೂ ಬದಲಾಗಂಗಿಲ್ಲ. ಅದಕ್ಕ ಅಷ್ಟ ಟೆಸ್ಟ್ ಬರೀರಿ, ಬ್ರೌಸರಿಂದು ಒಂದೋ ಎರಡೋ ಸಾಕು, ಲಾಗಿನ್ ಆಗತೈತಿ, ಬುಕಿಂಗ್ ಆಗತೈತಿ ಅನ್ನೋಷ್ಟು. ಗಿರಾಕಿಗೆ ಟೆಸ್ಟ್ ಅಂತ ಬ್ಯಾರೆ ಬಿಲ್ ಹಾಕಬ್ಯಾಡ್ರಿ, ಆ ಫೀಚರಿನ ಕೆಲಸದಾಗ ಅದೂ ಬಂತು ಅಂತ ಹಿಡೀರಿ. ಹೆಂಗೂ ನೀವು ಕೈಲೆ ಪರೀಕ್ಷಾ ಮಾಡೇ ಮಾಡ್ತೀರಿ, ಪ್ರತಿ ಸಲ ಮಾಡ್ತೀರಿ, ಅದನ್ನ ಒಮ್ಮೆ ಬರದು ಇಡೋದು ಅಷ್ಟ.

ಈಗ ಮುಧೋಳದ ತಮ್ಮಗ. ಟಿಳಕವಾಡಿ ಸರ ಹೇಳಿದ್ದು ಎಫ್‌ಆರ್‌ಪಿಗೆ ಪೂರ್ತಿ ಸರಿ, ಯಾಕಂದ್ರ ಅದಕ್ಕ ಹೊರಗ ಆದೇಶ ಐತಿ. ಆದ್ರ ನಿನ್ನ ಬಿಲ್ಲಿನ ಫೈಲಿನಾಗ ಇನ್ನೂ ಎಷ್ಟೋ ನಿಯಮ ಇರತಾವು, ಅವು ಯಾವ ಹಾಳಿಯಾಗೂ ಇರಂಗಿಲ್ಲ. ಸಾಗಾಣಿಕೆ ಮುರಕೊಳ್ಳುವಾಗ ಮೊದಲ ರೌಂಡ್ ಮಾಡಿ ಮುರಕೊಂತಾರೋ, ಮುರಕೊಂಡು ರೌಂಡ್ ಮಾಡ್ತಾರೋ? ಸುಟ್ಟ ಕಬ್ಬಿಗೆ ಎಷ್ಟು ಕಡಿತ? ಒಂದ ಗಾಡಿಯಾಗ ಇಬ್ಬರ ರೈತರ ಕಬ್ಬು ಬಂದ್ರ ಹೆಂಗ ಹಂಚೋದು? ಇಂಥಾವಕ್ಕ ಸರಿ ಉತ್ತರ ಏನು ಅಂತ ಕೇಳಿದ್ರ ಹಳೇ ಕೋಡ ಹೇಳಬೇಕು. ಇಂಥಾ ಕಡೆ ನಾವು ಬರಿಯೋದು ಕ್ಯಾರೆಕ್ಟರೈಸೇಶನ್ ಟೆಸ್ಟ್. ಅಂದ್ರ ಕೋಡ್ ಸರಿ ಐತೋ ತಪ್ಪ ಐತೋ ಅಂತ ಈಗ ತೀರ್ಪು ಕೊಡಾಕ ಹೋಗಂಗಿಲ್ಲ, ಇವತ್ತು ಏನ್ ಮಾಡತೈತಿ ಅನ್ನೋದನ್ನ ಹಂಗ ಹಿಡದು ಇಡೋದು, ಬದಲ ಮಾಡಿದ ಮ್ಯಾಲ ಅದ ಬರತೈತೋ ನೋಡೋದು. ಈ ಹೆಸರು ಇಟ್ಟವ್ರು ಮೈಕೆಲ್ ಫೆದರ್ಸ್ ಅಂತ, ಟೆಸ್ಟ್ ಇಲ್ಲದ ಕೋಡ ಲೆಗಸಿ (ಹಳೇ) ಕೋಡ್ ಅಂತ ಹೇಳಿದವ್ರೂ ಅವ್ರ.

ಹೆಂಗ ಮಾಡೋದಂದ್ರ, ಹೋದ ಹಂಗಾಮಿನ ಬಿಲ್ಲುಗಳನ್ನ ಡೇಟಾಬೇಸಿಂದ ಹೊರಗ ತಗಿ, ರೈತರ ಹೆಸರು, ಖಾತೆ ನಂಬರ್, ಆಧಾರ್ ಎಲ್ಲಾ ಅಳಿಸಿಬಿಡು, ತೂಕ, ತಳಿ, ದೂರ, ಗ್ಯಾಂಗ್ ನಂಬರ್, ತಾರೀಖು ಇದ್ರ ಸಾಕು. ಎಲ್ಲಾ ಬಿಲ್ ಬ್ಯಾಡ, ಬ್ಯಾರೆ ಬ್ಯಾರೆ ನಮೂನಿವು ಆರಸು: ಟ್ರ್ಯಾಕ್ಟರ್, ಲಾರಿ, ಎತ್ತಿನ ಗಾಡಿ, ಮುಂಗಡ ಇದ್ದವ್ರು, ಇಲ್ಲದವ್ರು, ರದ್ದಾದ ಸ್ಲಿಪ್ಪು. ಹಳೇ ಕೋಡಿಗೆ ಅವನ್ನ ಕೊಟ್ಟು ಬಂದ ಉತ್ತರ ಸಿಎಸ್‌ವಿ (ಕಾಮಾ ಹಾಕಿದ ಸಾಲಿನ ಫೈಲ್) ಮಾಡಿ ಕೋಡ್ ಇಡೋ ರೆಪೊದಾಗ ಇಡು. ಟೆಸ್ಟ್ ಅಂದ್ರ ಹೊಸ ಕೋಡಿನ ಉತ್ತರಾನೂ ಆ ಸಿಎಸ್‌ವಿನೂ ಸಾಲಿಗೆ ಸಾಲು, ಪೈಸಾಕ್ಕ ಪೈಸಾ ಹೊಂದಬೇಕು. ಇಷ್ಟು ಆದ ಮ್ಯಾಲ ಧೈರ್ಯಲೆ ಫೈಲ್ ಒಡಿ, ಲೆಕ್ಕ ಒಂದು ಕಡೆ, ಡೇಟಾಬೇಸ್ ಒಂದು ಕಡೆ, ಪ್ರಿಂಟ್ ಒಂದು ಕಡೆ. ಎಲ್ಲಾ ಕೋಡಿಗೂ ಟೆಸ್ಟ್ ಬರದ ಮ್ಯಾಲ ಕೈ ಹಚ್ಚತೀನಿ ಅಂದ್ರ ಎಂದೂ ಮುಗಿಯಂಗಿಲ್ಲ. ಯಾವದಕ್ಕ ಕೈ ಹಚ್ಚತಿಯೋ ಅದಕ್ಕ ಮೊದಲ ಬರಿ.

ಕವರೇಜ್ (ಟೆಸ್ಟ್ ಓಡಿದಾಗ ಕೋಡಿನ ಎಷ್ಟು ಸಾಲು ಓಡಿದುವು ಅನ್ನೋ ಅಳತಿ) ನೂರು ಪರ್ಸೆಂಟ್ ಆಗಬೇಕು ಅಂತ ಯಾರರ ಹೇಳಿದ್ರ ತಲಿಗೆ ಹಚ್ಚಿಕೋಬ್ಯಾಡ. ಆ ಸಾಲು ಓಡಿತು ಅಂತ ಅಷ್ಟ ಕವರೇಜ್ ಹೇಳತೈತಿ, ಉತ್ತರ ಸರಿ ಬಂತು ಅಂತ ಹೇಳಂಗಿಲ್ಲ. ಅಸರ್ಟ್ ಒಂದೂ ಇಲ್ಲದ ಟೆಸ್ಟಿಗೂ ಕವರೇಜ್ ಬರತೈತಿ.

ಮುಧೋಳ_ಪೈಥಾನ್

ಅಕ್ಕಾರ, ಸರ, ಇಬ್ಬರಿಗೂ ಭಾಳ ಉಪಕಾರ ಆತ್ರಿ. ಇಬ್ಬರು ಹೇಳಿದ್ದೂ ಮಾಡಿದೆ, ಒಂದು ಭಾರಿ ವಿಷಯ ಸಿಕ್ಕೈತಿ, ಅದನ್ನ ಹೇಳಬೇಕು.

ಎಫ್‌ಆರ್‌ಪಿ ಫಂಕ್ಷನ್‌ಗೆ ಆ ಆರೂ ಜೋಡಿ ಹಾಕಿ ಓಡಸಿದೆ. 10.25 ಸರಿ, 9.0 ಸರಿ. 9.5ಕ್ಕ ಸರ ಹೇಳಿದಂಗ 330.78 ಬಂತು, ಯಾಕಂದ್ರ ಕೋಡಿನಾಗ 9.5ಕ್ಕಿಂತ ಕಡಿಮಿ ಅಂತ ಇತ್ತು, 9.5 ಕೂಡಿ ಅಂತ ಇರಲಿಲ್ಲ, ಹಂಗಾಗಿ ಅದು ಲೆಕ್ಕದಾಗ ಹೋಗಿ ಪೂರ್ತಿ ಏಳ ಹಂತ ಅಷ್ಟ ಕಳೀತಿತ್ತು. ಆದ್ರ 11.25ಕ್ಕ ಬಂದದ್ದು ನೋಡಿ ಸುಮ್ಮ ಕುಂತೆ. 389.60 ಬರಬೇಕು, 386.14 ಬಂತು. 11.25ರಾಗ 10.25 ಕಳದ್ರ ಸರಿಯಾಗಿ 1, ಅದನ್ನ 0.1ಲೆ ಭಾಗಿಸಿದ್ರ ಹತ್ತು ಹಂತ ಆಗಬೇಕಲ್ರಿ, ಎರಡ ಸ್ಲ್ಯಾಶ್ ಹಾಕಿ (ಪೂರ್ತಿ ಸಂಖ್ಯಾ ಅಷ್ಟ ಉಳಸಿಕೊಳ್ಳೋ) ಭಾಗಾಕಾರ ಮಾಡ್ಯಾರ, ಪೈಥಾನ್ ಶೆಲ್ ತಗದು 1ನ್ನ 0.1ಲೆ ಹಂಗ ಭಾಗಿಸಿ ನೋಡಿದ್ರ 9.0 ಬರತೈತಿ! ಕಂಪ್ಯೂಟರಿನ್ಯಾಗ 0.1 ಅನ್ನೋದು ಖರೇ 0.1ಕ್ಕಿಂತ ಕೂದಲೆಳಿಯಷ್ಟು ದೊಡ್ಡದು, ಹಂಗಾಗಿ ಹತ್ತು ಸಲ ಪೂರ್ತಿ ಹಿಡಿಯಂಗಿಲ್ಲ, ಒಂಬತ್ತಕ್ಕ ಕೆಳಗ ಇಳೀತೈತಿ. ಒಂದು ಹಂತ ಅಂದ್ರ ಕ್ವಿಂಟಲ್‌ಗೆ 3.46, ಟನ್ನಿಗೆ 34.60. ಹಂಗ ಬಿಲ್ಲಿಗೆ ಹಚ್ಚಿದ್ರ ಇಪ್ಪತ್ತು ಟನ್ ಗಾಡಿಗೆ 692 ರೂಪಾಯಿ ರೈತಗ ಕಡಿಮಿ ಹೋಗತಿತ್ತು, ಯಾರ ಕಣ್ಣಿಗೂ ಬೀಳಂಗಿಲ್ಲ. ಅದ ಬಿಲ್ಲಿಗೆ ಹಚ್ಚಾಕ ಹೇಳಿದ ಫಂಕ್ಷನ್ ಇದು. ಡೆಸಿಮಲ್ ಮಾಡಿ, ಅರ್ಧ ಹಂತನೂ ಹಿಡಿಯೋ ಹಂಗ ಸಾದಾ ಭಾಗಾಕಾರ ಮಾಡಿದೆ, ಆರೂ ಪಾಸ್ ಆದುವು. ದರ ಪ್ರತಿ ವರ್ಷ ಬದಲಾಗತೈತಿ ಅಂತ 2024-25ರ ದರ 340, ಹಂತಕ್ಕ 3.32, ಕಡಿಮಿ ಅಂದ್ರ 315.10 ಇವನ್ನೂ ಹಾಕೀನಿ, ಅಲ್ಲೂ 9.5ರ ಅಂಚು ಸರಿಯಾಗಿ ಹೊಂದತೈತಿ.

ಅಕ್ಕಾರು ಹೇಳಿದ ಹಳೇ ಬಿಲ್ಲಿನ ಸಿಎಸ್‌ವಿ ಅಷ್ಟ ಮಾಡಿದ್ರ ಇದು ಸಿಗತಿರಲಿಲ್ಲ, ತಪ್ಪು ಉತ್ತರಾನೂ ಹಂಗ ಹಿಡದು ಇಡತಿದ್ವಿ. ಆದ್ರ ಆ ಸಿಎಸ್‌ವಿ ಇಲ್ಲದಿದ್ರ ಸಾಗಾಣಿಕೆ ಕೋಡಿಗೆ ಕೈ ಹಚ್ಚಾಕ ಆಗತಿರಲಿಲ್ಲ. ಅಕ್ಕಾರ ಕೇಳಿದ್ದಕ್ಕ ಉತ್ತರ ಅದ್ರಾಗ ಸಿಕ್ತು, ಮೊದಲ ರೌಂಡ್ ಮಾಡಿ ಆಮ್ಯಾಲ ಮುರಕೊಂತಾರ.

ಈಗ ಎರಡು ಕಡೆ ಸಿಕ್ಕೊಂಡೀನಿ. ಒಂದು, ರೈತರಿಗೆ ರೊಕ್ಕ ಕೊಡೋದು ತಡ ಆದ್ರ ಬರೋ ಬಡ್ಡಿ ಲೆಕ್ಕದ ಫಂಕ್ಷನ್ ಒಳಗ ಇವತ್ತಿನ ತಾರೀಖು ತಾನ ತಗೋತೈತಿ, ಇವತ್ತು ಪಾಸ್ ಆದ ಟೆಸ್ಟ್ ನಾಳಿಗೆ ಫೇಲ್. ಎರಡು, ಕಾಟಾದಿಂದ ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಕೇಬಲ್‌ಲೆ ತೂಕ ಬರತೈತಿ, ನಮ್ಮ ಆಫೀಸಿನಾಗ ಕಾಟಾ ಇಲ್ಲ, ಅದಕ್ಕ ಟೆಸ್ಟ್ ಹೆಂಗ ಬರಿಯೋದು?

ಟಿಳಕವಾಡಿ_ಬ್ಯಾಕೆಂಡ್

ಬೇಷ್ ಮಾಡೀರಿ. ಆ 1 ಮತ್ತ 0.1ರದು ಪೈಥಾನಿನಾಗ ಗೊತ್ತಿದ್ದವ್ರನ್ನೂ ಹಿಡೀತೈತಿ.

ತಾರೀಖಿಂದು ಹೇಳ್ತೀನಿ. ಫಂಕ್ಷನ್ ಒಳಗ ಇವತ್ತು ಯಾವ ದಿನ ಅಂತ ಕೇಳಬಾರದು, ಹೊರಗಿಂದ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡೋ ಬೆಲೆ) ಮಾಡಿ ಕೊಡ್ರಿ. ಪೂರೈಸಿದ ತಾರೀಖು, ರೊಕ್ಕ ಕೊಟ್ಟ ತಾರೀಖು, ಬಾಕಿ, ಮೂರು ಒಳಗ ಹೋಗಲಿ, ಬಡ್ಡಿ ಹೊರಗ ಬರಲಿ. ಇವತ್ತಿನ ತಾರೀಖು ತಗೊಳ್ಳೋ ಕೆಲಸ ಎಲ್ಲಕ್ಕಿಂತ ಹೊರಗಿನ ಒಂದು ಸಾಲಿನಾಗ ಇರಲಿ. ಮಂಕಿಪ್ಯಾಚ್‌ಲೆ (ಟೆಸ್ಟ್ ಓಡೋವಾಗ ಅಷ್ಟ ಬದಲಿ ಇಡೋದು) ತಾರೀಖು ಬದಲ ಮಾಡಾಕೂ ಬರತೈತಿ, ಆದ್ರ ಆರ್ಗ್ಯುಮೆಂಟ್ ಸರಳ, ಓದಾವ್ರಿಗೂ ತಿಳೀತೈತಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿ 14 ದಿನದಾಗ ರೊಕ್ಕ ಕೊಡಬೇಕು, ದಾಟಿದ್ರ ವರ್ಷಕ್ಕ 15 ಪರ್ಸೆಂಟ್ ಬಡ್ಡಿ. ಅಂದ್ರ ನಿಮ್ಮ ಅಂಚು 14 ಮತ್ತ 15ನೇ ದಿನ. ಹದಿನಾಲ್ಕಕ್ಕ ಕೊಟ್ರ ಬಡ್ಡಿ ಸೊನ್ನಿ, ಹದಿನೈದಕ್ಕ ಒಂದ ದಿನದ್ದು. ಫೆಬ್ರುವರಿ ಬಿಡಬ್ಯಾಡ್ರಿ, 2024ರ ಫೆಬ್ರುವರಿ 15ಕ್ಕ ಬಂದ ಕಬ್ಬಿಗೆ ಹದಿನಾಲ್ಕನೇ ದಿನ ಫೆಬ್ರುವರಿ 29, 2025ರಾಗ ಅದ ತಾರೀಖಿಗೆ ಮಾರ್ಚ್ 1. ಹಂಗ ಹಂಗಾಮು ಅಕ್ಟೋಬರಕ್ಕ ಚಾಲೂ ಆಗಿ ಸೆಪ್ಟೆಂಬರಕ್ಕ ಮುಗಿಯೋದ್ರಿಂದ ಸೆಪ್ಟೆಂಬರ್ 30 ಯಾವ ವರ್ಷದ ದರಕ್ಕ, ಅಕ್ಟೋಬರ್ 1 ಯಾವದಕ್ಕ, ಇವೆರಡಕ್ಕ ಒಂದೊಂದು ಟೆಸ್ಟ್.

ಕಾಟಾಕ್ಕ ಬಂದ್ರ, ಪೋರ್ಟಿನಿಂದ ಓದೋದು ಬ್ಯಾರೆ, ಓದಿದ್ದನ್ನ ತೂಕ ಮಾಡೋದು ಬ್ಯಾರೆ. ಈಗ ಒಂದ ಫಂಕ್ಷನ್‌ದಾಗ ಎರಡೂ ಇರತಾವು, ಅದನ್ನ ಬಿಡಸ್ರಿ. ಪೋರ್ಟ್ ಓದೋ ಪೈಸೀರಿಯಲ್ ಇರೋ ಭಾಗ ನಾಕ ಸಾಲು, ಸಾಲು ಓದು, ಕೊಡು, ಅಷ್ಟ. ಅದಕ್ಕ ಟೆಸ್ಟ್ ಬ್ಯಾಡ, ಫ್ಯಾಕ್ಟರಿಗೆ ಹೋದಾಗ ನೋಡ್ರಿ. ಇನ್ನೊಂದು ಫಂಕ್ಷನ್ ಸ್ಟ್ರಿಂಗ್ ತಗೊಂಡು ಕೆಜಿ ಕೊಡತೈತಿ, ಜೀವಾಳ ಅದ. ಕಾಟಾದ ತೂಕ ತೋರಸೋ ಇಂಡಿಕೇಟರ್ ಒಂದೊಂದು ಕಂಪನಿದು ಒಂದೊಂದು ನಮೂನಿ ಕಳಸತೈತಿ, ಹಂಗಾಗಿ ಫ್ಯಾಕ್ಟರಿಯಾಗ ಒಮ್ಮೆ ಕುಂತು ಬರೋ ಸಾಲುಗಳನ್ನ ಹಂಗ ಫೈಲಿಗೆ ಬರಕೊಂಡು ಬರ್ರಿ. ಗಾಡಿ ಹತ್ತೋವಾಗಿಂದು, ನಿಂತಾಗಿಂದು, ಇಳಿಯೋವಾಗಿಂದು, ಕೇಬಲ್ ಕಿತ್ತಾಗಿಂದು ಎಲ್ಲಾ. ಆ ಸಾಲು ಟೆಸ್ಟಿಗೆ ಕೊಡ್ರಿ: ಅರ್ಧ ಸಾಲು ಬಂದ್ರ ಎರರ್ ಬರಬೇಕು, ಮೈನಸ್ ಬಂದ್ರ ಎರರ್ ಬರಬೇಕು, ತೂಕ ಅಲಗಾಡ್ತಿದ್ರ ಸ್ಲಿಪ್ ಆಗಬಾರದು. ಎರರ್ ಬರಬೇಕು ಅಂತ ಟೆಸ್ಟ್ ಬರಿಯಾಕ ಪೈಟೆಸ್ಟ್‌ದಾಗ ರೈಸಸ್ ಅಂತ ಐತಿ. ಸರಿ ತೂಕ ಬಂದಿದ್ದಕ್ಕಿಂತ ತಪ್ಪು ತೂಕ ಒಳಗ ಬರದಂಗ ನೋಡೋ ಟೆಸ್ಟ್ ಇಲ್ಲಿ ಹೆಚ್ಚಿಂದು ಅಂತ ನನ್ನ ಅಭಿಪ್ರಾಯ.

ಮುಂದ ಡೇಟಾಬೇಸಿಗೂ ಬರತೀರಿ, ಈಗ ಹೇಳಿಬಿಡ್ತೀನಿ. ಎಸ್‌ಕ್ಯೂಲೈಟ್ ಅನ್ನೋ ಸಣ್ಣ ಡೇಟಾಬೇಸ್ ಮೆಮರಿಯಾಗ ಓಡಸಿ ಟೆಸ್ಟ್ ಮಾಡ್ರಿ ಅಂತ ಭಾಳ ಮಂದಿ ಹೇಳ್ತಾರ, ಲಗೂನ ಆಗತೈತಿ, ಆದ್ರ ನಿಮ್ಮದು ಮೈಎಸ್‌ಕ್ಯೂಎಲ್. ಅದ್ರಾಗ ಡೀಫಾಲ್ಟ್ ಇಟ್ರ ದೊಡ್ಡ ಸಣ್ಣ ಇಂಗ್ಲಿಷ್ ಅಕ್ಷರ ಒಂದ ಅಂತ ಹೋಲಸತೈತಿ, ಎಸ್‌ಕ್ಯೂಲೈಟ್ ಬ್ಯಾರೆ ಬ್ಯಾರೆ ಅಂತ ಹಿಡೀತೈತಿ. ಡೆಸಿಮಲ್ ಕಾಲಂ ಅಂತ ಬರದ್ರೂ ಎಸ್‌ಕ್ಯೂಲೈಟ್ ಒಳಗ ಅದನ್ನ ಫ್ಲೋಟ್ ಮಾಡಿ ಇಡಬಹುದು. ರೊಕ್ಕದ ಕೆಲಸಕ್ಕ ಇದು ಆಗಂಗಿಲ್ಲ. ಟೆಸ್ಟಿಗೆ ಅಂತ ಒಂದು ಬ್ಯಾರೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಮಾಡ್ರಿ, ಫಿಕ್ಸ್ಚರ್‌ದಾಗ (ಟೆಸ್ಟಿನ ಮೊದಲ, ಆಮ್ಯಾಲ ಓಡೋ ತಯಾರಿ ಕೋಡ್) ಟ್ರಾನ್ಸಾಕ್ಷನ್ ಚಾಲೂ ಮಾಡಿ ಟೆಸ್ಟ್ ಮುಗದ ಮ್ಯಾಲ ರೋಲ್‌ಬ್ಯಾಕ್ ಮಾಡ್ರಿ, ಅಂದ್ರ ಮಾಡಿದ್ದೆಲ್ಲಾ ವಾಪಸ್ ತಗೀರಿ. ಖರೇ ಡೇಟಾಬೇಸಿನ ಪಾಸ್‌ವರ್ಡ್ ಟೆಸ್ಟ್ ಓಡೋ ಮಶೀನ್‌ದಾಗ ಇರಲೇಬಾರದು, ಇದನ್ನ ಮರೀಬ್ಯಾಡ್ರಿ.

ಉದ್ಯಮಬಾಗ_ಐಎಸ್

ನಾ ಬೆಳಗಾವ್ಯಾಗ ಇಂಜಿನಿಯರಿಂಗ್ ಮಾಡಾಕತ್ತೀನಿ, ಐಎಸ್ (ಇನ್ಫರ್ಮೇಶನ್ ಸೈನ್ಸ್) ಬ್ರಾಂಚು. ನಮ್ಮ ಸೀನಿಯರ್ಸ್ ವಿಟಿಯು ಟೆಸ್ಟಿಂಗ್ ಲ್ಯಾಬಿನಾಗ ತ್ರಿಕೋನದ ಪ್ರೋಗ್ರಾಂ, ಕಮಿಷನ್ ಪ್ರಾಬ್ಲಂ, ನೆಕ್ಸ್ಟ್ ಡೇಟ್ ಅಂತ ಮಾಡ್ತಿದ್ರು, ಬೌಂಡ್ರಿ ವ್ಯಾಲ್ಯೂ (ಅಂಚಿನ ಬೆಲೆ) ಟೇಬಲ್ ಹಾಕಿ ರೆಕಾರ್ಡ್ ಬರೀತಿದ್ರು. ಇಲ್ಲಿ 9.5, 14ನೇ ದಿನ ಅಂತ ನೋಡಿದ ಮ್ಯಾಲ ಆ ಟೇಬಲ್ ಯಾಕ ಅಂತ ಈಗ ತಿಳೀತು. ನನ್ನ ಪ್ರಾಜೆಕ್ಟ್ ಜಾವಾದಾಗ ಐತಿ, ಫ್ರಂಟೆಂಡ್ ರಿಯಾಕ್ಟ್. ಇದ ದಾರಿ ಅಲ್ಲೂ ನಡೀತೈತೇನ್ರಿ?

ನವನಗರ_ಕ್ಯೂಎ

ನಡೀತೈತಿ. ಜಾವಾಕ್ಕ ಜೆಯೂನಿಟ್. 1997ರಾಗ ಕೆಂಟ್ ಬೆಕ್ ಮತ್ತ ಎರಿಕ್ ಗಾಮಾ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕ ಹೋಗೋ ವಿಮಾನದಾಗ ಕುಂತು ಬರದದ್ದು ಅದು, ಪೈಥಾನಿನ ಯೂನಿಟ್‌ಟೆಸ್ಟ್ ಸೈತ ಅದನ್ನ ನೋಡಿ ಮಾಡಿದ್ದು, ಅದಕ್ಕ ಅದ್ರಾಗ ಕ್ಲಾಸ್, ಸೆಟಪ್ ಎಲ್ಲಾ ಜಾವಾ ಹಂಗ ಕಾಣತೈತಿ. ಜೆಯೂನಿಟ್ 5ರಾಗ ಪ್ಯಾರಾಮೆಟರೈಜ್ಡ್ ಟೆಸ್ಟ್ ಅಂತ ಐತಿ, ನಿನ್ನ ಬೌಂಡ್ರಿ ಟೇಬಲ್ ಹಂಗ ಸಿಎಸ್‌ವಿ ಸಾಲು ಮಾಡಿ ಹಾಕಬಹುದು. ರಿಯಾಕ್ಟಿಗೆ ವೀಟೆಸ್ಟ್ ಇಲ್ಲಾ ಜೆಸ್ಟ್. ಜಾವಾದಾಗ ಡೆಸಿಮಲ್ ಬದಲಿಗೆ ಇರೋ ಬಿಗ್‌ಡೆಸಿಮಲ್ ಬಳಸುವಾಗ ಒಂದು ನೋಡು, 2.0 ಮತ್ತ 2.00 ಈಕ್ವಲ್ಸ್‌ಲೆ ಹೋಲಸಿದ್ರ ಫಾಲ್ಸ್ ಬರತೈತಿ, ಕಂಪೇರ್‌ಟು ಬಳಸಬೇಕು.

ಬಾರಾಕಮಾನ್_ವೆಬ್

ಅಕ್ಕಾರ, ನೀವು ಹೇಳಿದ್ಹಂಗ ಲಾಜಿನ ಬಾಡಿಗಿ ಲೆಕ್ಕ ಬ್ಯಾರೆ ಫೈಲ್ ಮಾಡಿ ಅದಕ್ಕ ಅಷ್ಟ ಟೆಸ್ಟ್ ಹಾಕ್ಲಿಕ್ಕತ್ತೀನಿ, ಇದು ತಾಳ್ತದ ಅನಸ್ತದ.

ಮುಧೋಳದ ತಮ್ಮಗ ನನ್ನ ಕಡಿಂದ ಒಂದು ಕೊಡೋದದ, ರೈತರ ಹೆಸರು ಕನ್ನಡದಾಗ ಇದ್ರ ಇದು ಬೇಕಾಗ್ತದ. ಗೋಪಾಲ ಅಂತ ಬರದ್ರ ಆ ಗೋ ಅಕ್ಷರ ಯೂನಿಕೋಡಿನಾಗ ಎರಡು ಥರ ಬರಬಹುದು. ಗಕ್ಕ ಓತ್ವದ ಒಂದ ಚಿಹ್ನಿ ಹಚ್ಚಿದ್ರ ಒಂದು ಥರ, ಏತ್ವ, ಊತ್ವ, ದೀರ್ಘ ಅಂತ ಮೂರು ತುಂಡಲೆ ಬಂದ್ರ ಇನ್ನೊಂದು ಥರ. ಸ್ಕ್ರೀನ್ ಮ್ಯಾಲ ಎರಡೂ ಒಂದ ಕಾಣ್ತಾವ, ಕಂಪ್ಯೂಟರಿಗೆ ಬ್ಯಾರೆ. ಹಳೇ ಡೇಟಾ ಕನ್ವರ್ಟ್ ಮಾಡಿ ತಂದಿದ್ರ, ಬ್ಯಾರೆ ಬ್ಯಾರೆ ಕೀಬೋರ್ಡಿಂದ ಹೊಡದಿದ್ರ ಎರಡೂ ಕೂಡಿರ್ತಾವ, ಹುಡುಕಿದ್ರ ಸಿಗಂಗಿಲ್ಲ, ಒಬ್ಬ ರೈತಗ ಎರಡು ಖಾತೆ ಆಗ್ತಾವ. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಜ್‌ಗೆ ಎನ್‌ಎಫ್‌ಸಿ (ತುಂಡು ಕೂಡಸಿ ಒಂದ ರೂಪ ಮಾಡೋ ನಮೂನಿ) ಅಂತ ಕೊಟ್ಟು ಒಳಗ ಬರೋ ಎಲ್ಲಾ ಹೆಸರು ದಾಟಸ್ರಿ, ಟೆಸ್ಟಿನಾಗ ಎರಡೂ ಥರದ ಗೋ ಕೊಟ್ಟು ಒಂದ ಆಗ್ತದೋ ನೋಡ್ರಿ. ಅಕ್ಷರದ ನಡುವ ಕಣ್ಣಿಗೆ ಕಾಣದ ಜೋಡಣಿ ಚಿಹ್ನಿ ಇರ್ತಾವಲ್ಲ, ಅವನ್ನ ಎನ್‌ಎಫ್‌ಸಿ ತಗಿಯಂಗಿಲ್ಲ, ಹುಡುಕೋ ಕಾಲಮ್ಮಿಗೆ ಅವನ್ನ ನೀವ ತಗೀಬೇಕು, ಅದಕ್ಕೂ ಒಂದು ಟೆಸ್ಟ್ ಬೇಕು. ಅಂಕಿನೂ ನೋಡ್ರಿ, ಕನ್ನಡ ಅಂಕಿಯಾಗ ೧೨ ಅಂತ ಹೊಡದು ಪೈಥಾನಿನ ಇಂಟ್‌ಗೆ ಕೊಟ್ರ ಸರಿಯಾಗಿ 12 ಆಗ್ತದ, ಜಾವಾಸ್ಕ್ರಿಪ್ಟಿನ ನಂಬರ್‌ಗೆ ಕೊಟ್ರ ನ್ಯಾನ್ (ಇದು ನಂಬರ್ ಅಲ್ಲ) ಬರ್ತದ. ಫಾರ್ಮ್ ಬ್ರೌಸರಿನಾಗ ತಪಾಸ್ ಆಗ್ತಿದ್ರ ಇದು ಬಡೀತದ.

ಇನ್ನೊಂದು, ಪೈಥಾನ್ 3ರಾಗ ಫಂಕ್ಷನ್ ಹೆಸರು ಕನ್ನಡದಾಗ ಇಡ್ಲಿಕ್ಕೆ ಬರ್ತದ. ಮುಂದಿನ ಟೆಸ್ಟ್ ಅಂಡರ್‌ಸ್ಕೋರ್ ಮಾತ್ರ ಇಂಗ್ಲಿಷಿನಾಗ ಇರ್ಬೇಕು, ಉಳಿದದ್ದು ಹದಿನಾಲ್ಕು_ದಿನದೊಳಗ_ಬಡ್ಡಿ_ಇಲ್ಲ ಅಂತ ಬರೀಬಹುದು. ಫೇಲ್ ಆದಾಗ ಆ ಸಾಲು ಅಕೌಂಟ್ಸ್‌ನವ್ರಿಗೆ ತೋರಸಿದ್ರ ಅವ್ರ ಓದಿ ತಿಳ್ಕೋತಾರ.

ಮುಧೋಳ_ಪೈಥಾನ್

ಅಣ್ಣಾರ, ಇದು ಭಾಳ ಚಲೋ ಹೇಳಿದ್ರಿ. ಕನ್ನಡದಾಗ ಹೆಸರಿಟ್ಟು ಓಡಸಿ ನೋಡಿದೆ, ಓಡತೈತಿ. ಅಕೌಂಟ್ಸಿನ ಮೇಡಂ ಲಿಸ್ಟ್ ಓದಿ ಬಡ್ಡಿ ಟೆಸ್ಟಿನಾಗ ಒಂದು ಬಿಟ್ಟೀರಿ ಅಂದ್ರು, ಅರ್ಧ ರೊಕ್ಕ ಮೊದಲ ಕೊಟ್ಟು ಉಳದದ್ದು 14 ದಿನ ದಾಟಿ ಕೊಟ್ರ ಬಡ್ಡಿ ಉಳದದ್ದಕ್ಕ ಅಷ್ಟ ಬರಬೇಕು ಅಂತ. ಅದನ್ನ ಹಾಕಿದೆ, ಫೇಲ್ ಆತು, ಈಗ ಅದನ್ನ ಸರಿ ಮಾಡಾಕತ್ತೀನಿ. ಹೊಸ ಕೋಡ್ ಗಿಟ್‌ಹಬ್‌ಗೆ ಪುಶ್ ಮಾಡಿದಾಗ (ಕಳಿಸಿದಾಗ) ಅಲ್ಲೇ ಟೆಸ್ಟ್ ತಾನ ಓಡೋ ಹಂಗ ಮಾಡಬೇಕಂತ ಐತಿ, ಅದಕ್ಕ ಬ್ಯಾರೆ ಥ್ರೆಡ್ ಹಾಕತೀನಿ.